ಮೂಲೆ ಸೇರಿದ ಸೈಕಲ್‌ಗಳು: ಈ ತಿಂಗಳು ಎಲ್ಲಿಗೆ ಬಂತು ಕೆಲಸ

ಕಳೆದ ಸಲ ಬರೆದಾಗ ಸೈಕಲ್‌ಗಳೆಲ್ಲ ಬಿಚ್ಚಿಟ್ಟ ಸ್ಥಿತಿಯಲ್ಲೇ ಇದ್ದವು. ಈಗ ಅರ್ಧಕ್ಕಿಂತ ಜಾಸ್ತಿ ರಸ್ತೆಗಿಳಿದಿವೆ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು: ಆಫೀಸಿನ ಗೆಳೆಯರ ಮನೆಗಳಲ್ಲಿ ಧೂಳು ಹಿಡಿದು ನಿಂತ ಸೈಕಲ್‌ಗಳನ್ನು ತಂದು, ರಿಪೇರಿ ಮಾಡಿ, ಬೇಕಾದವರಿಗೆ ಓಡಿಸಲು ಕೊಡುವುದು ನಮ್ಮ ಕೆಲಸ. ಎರಡು ಮೂರು ಕಿಲೋಮೀಟರಿಗೂ ಗಾಡಿ ತೆಗೆಯುವ ಅಭ್ಯಾಸ ಸ್ವಲ್ಪ ಕಡಿಮೆಯಾದರೆ ಸಾಕು.

ಆ ಚಿಕ್ಕ ಓಡಾಟದ ಮೇಲೇ ಕಣ್ಣಿಟ್ಟಿದ್ದಕ್ಕೆ ಕಾರಣ ಇದೆ. ಕಾರಿನ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಬೇಕು. ಅಲ್ಲಿಯವರೆಗೆ ಹೊಗೆ ಹೆಚ್ಚುಕಡಿಮೆ ಹಾಗೇ ಹೊರಬೀಳುತ್ತದೆ. ಹತ್ತಿರದ ಓಡಾಟದಲ್ಲಿ ಈ ಕೊಳಕು ಹೊಗೆಯ ಪಾಲೇ ದೊಡ್ಡದು. ಇನ್ನು ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರ್ ಪೆಟ್ರೋಲೇ ಒಂದು ಕೆಜಿ ತೂಗಲ್ಲ, ಇದೆಂಥ ಲೆಕ್ಕ ಅಂತ ಗೆಳೆಯನೊಬ್ಬ ವಾದಕ್ಕಿಳಿದ. ಉರಿಯುವಾಗ ಗಾಳಿಯ ಆಮ್ಲಜನಕವೂ ಸೇರಿಕೊಳ್ಳುತ್ತದೆ, ಅಲ್ವಾ? ಉಳಿದ ತೂಕ ಅದರದ್ದೇ.

ಆದರೆ ಈ ಲೆಕ್ಕ ಕೇಳಿ ಯಾರೂ ಸೈಕಲ್ ಹತ್ತಲಿಲ್ಲ. ಹತ್ತಿಸಿದ್ದು ಸೀಟು!

ಬಂದ ಸೈಕಲ್‌ಗಳಲ್ಲಿ ಬಹುತೇಕ ಎಲ್ಲದರ ಸೀಟೂ ತೀರಾ ಕೆಳಗಿತ್ತು. ಕೂತಾಗ ಎರಡೂ ಪಾದ ನೆಲಕ್ಕೆ ಊರಬೇಕು ಅನ್ನುವ ಭಯ. ಹಾಗೆ ಕೂತು ತುಳಿದರೆ ಮೊಣಕಾಲು ಮಡಚಿಕೊಂಡೇ ಇರುತ್ತದೆ. ಸ್ವಲ್ಪ ದೂರಕ್ಕೇ ಮಂಡಿ ಹಿಡಿದುಕೊಳ್ಳುತ್ತದೆ. ಆಮೇಲೆ "ನನ್ನ ಮಂಡಿಗೆ ಸೈಕಲ್ ಆಗಲ್ಲ" ಅಂತ ಷರಾ. ಈಗ ಸೈಕಲ್ ಕೊಡುವ ಮೊದಲು ಅವರನ್ನೇ ಕೂರಿಸಿ ಅಳತೆ ಮಾಡುತ್ತೇವೆ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಇಡುವುದು ಪಾದದ ಮುಂಭಾಗವನ್ನು, ಹಾಗಾಗಿ ಮಂಡಿಯಲ್ಲಿ ಬೇಕಾದಷ್ಟೇ ಬಾಗು ಉಳಿಯುತ್ತದೆ. ಸೀಟು ಏರಿಸಿ ಒಂದು ಸುತ್ತು ಹೋಗಿ ಬಂದ ಅಕೌಂಟ್ಸ್‌ನ ಮೇಡಮ್ಮು, "ಇದು ನಮ್ಮದೇ ಸೈಕಲ್ಲಾ?" ಅಂತ ಕೇಳಿದರು.

ಎರಡನೇ ಭಯ ಪಂಕ್ಚರಿನದು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ. ಮಗನ ಮೂರು ಚಕ್ರದ ಸೈಕಲ್ ಕುಲುಕದಿರಲಿ ಅಂತ ಶುರುವಾದ ಪ್ರಯೋಗ ಅದು. ಕುಲುಕಾಟ ತಪ್ಪಿತು, ಪಂಕ್ಚರ್ ಗಂಟು ಬಿತ್ತು. ಶನಿವಾರ ಎಲ್ಲರಿಗೂ ಪ್ಯಾಚ್ ಹಾಕುವುದನ್ನು ಹೇಳಿಕೊಟ್ಟೆವು. ಅವಸರದವರ ಪ್ಯಾಚ್ ನಿಲ್ಲುವುದೇ ಇಲ್ಲ. ಟ್ಯೂಬನ್ನು ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಸುಮ್ನೆ ಕಾಯಬೇಕು. ಹೊಳಪು ಹೋಗಿ ಮಂಕಾದ ಮೇಲೇ ಪ್ಯಾಚ್ ಒತ್ತಬೇಕು. ಟ್ಯೂಬ್ ಒಳಗೆ ಸೇರಿಸುವ ಮುಂಚೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಒಂದು ಸುತ್ತು ಒರೆಸಬೇಕು. ಬಟ್ಟೆ ಸಿಕ್ಕಿಹಾಕಿಕೊಂಡ ಕಡೆ ಮುಳ್ಳು ಇನ್ನೂ ಅಲ್ಲೇ ಇದೆ ಅಂತ ಅರ್ಥ.

ಜೂನ್ 3ಕ್ಕೆ ರ್‍ಯಾಲಿ ಮಾಡೋಣ ಅಂದವರಿದ್ದರು. 2018ರಲ್ಲಿ ವಿಶ್ವಸಂಸ್ಥೆ ಆ ದಿನವನ್ನು ವಿಶ್ವ ಸೈಕಲ್ ದಿನ ಅಂತ ಘೋಷಿಸಿದೆ. ನನಗೆ ಮನಸ್ಸಿಲ್ಲ. ರ್‍ಯಾಲಿಯಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ಮಾರನೇ ದಿನ ಸೈಕಲ್ ಮತ್ತೆ ಮೂಲೆಗೆ. ಅದರ ಬದಲು ಆವತ್ತು ಚೈನಿಗೆ ಎಣ್ಣೆ, ಬ್ರೇಕ್ ಶೂ ಬದಲಾವಣೆ, ಗಾಳಿ, ಎಲ್ಲ ಪುಕ್ಕಟೆ ಮಾಡಿಕೊಡುವುದು ಅಂತಾಗಿದೆ.

ಆರೋಗ್ಯದ ಮಾತು ನಾವಾಗಿ ಎತ್ತುವುದಿಲ್ಲ, ಕೇಳಿದವರಿಗೆ ಮಾತ್ರ ಹೇಳುತ್ತೇವೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ದೈಹಿಕ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೋಗುವಾಗ ಕಾಲು ಗಂಟೆ, ಬರುವಾಗ ಕಾಲು ಗಂಟೆ, ವಾರಕ್ಕೆ ಐದು ದಿನ. ಅಲ್ಲಿಗೆ ಮುಗಿಯಿತು, ಜಿಮ್ಮಿಗೆ ಬೇರೆ ಟೈಮು ಹುಡುಕಬೇಕಿಲ್ಲ. ದಾರಿ ಮಾತ್ರ ನೋಡಿಕೊಂಡು ಆರಿಸಿ. ಎರಡು ನಿಮಿಷ ಜಾಸ್ತಿಯಾದರೂ ಒಳರಸ್ತೆಯೇ ವಾಸಿ, ಮುಖ್ಯರಸ್ತೆಯ ಹೊಗೆ ಅಷ್ಟು ಕುಡಿಯುವುದು ತಪ್ಪುತ್ತದೆ.

ಉಳಿದಿರುವ ತಲೆನೋವು ನಿಲ್ಲಿಸುವ ಜಾಗದ್ದು. ಆಫೀಸಿನ ಕೆಳಗೆ ಬೈಕುಗಳ ನಡುವೆ ಸಿಕ್ಕಿ ಈಗಾಗಲೇ ಒಂದರ ಹಿಂದಿನ ರಿಮ್ ಬಾಗಿದೆ. ಗೋಡೆಗೆ ಕೊಕ್ಕೆ ಹೊಡೆಯಲು ಅನುಮತಿ ಕೇಳಿದ್ದೇವೆ. ಸಿಕ್ಕರೆ ಮುಂದಿನ ಸಲ ಅಳತೆ ಸಮೇತ ಬರೆಯುತ್ತೇನೆ.