ಪ್ಲಾಟಿನಂಗೂ ಗಾಳಿ ಸೋಕಿತಾ?

ಮಂಗಳವಾರ ಊಟದ ಡಬ್ಬಿ ಮುಚ್ಚುತ್ತ ನಮ್ಮ ಎಕ್ಸ್‌ರೇ ಯಂತ್ರ ನೋಡಿಕೊಳ್ಳುವವರು ಕೇಳಿದ್ದು. ಇವತ್ತು ಶನಿವಾರ, ಇನ್ನೂ ಕಿವಿಯಿಂದ ಇಳಿದಿಲ್ಲ. "ಪ್ಲಾಟಿನಂಗೂ ನಿಮ್ಮ ಪುಡೀದೇ ಗಾಳಿ ಸೋಕ್ತಾ ಮೇಡಂ?"

ನನ್ನ ಪುಡಿ ಕಾರ್ಡಿಯರೈಟ್. ಕಾರಿನ ಹೊಗೆ ಸೋಸುವ ಕನ್ವರ್ಟರ್ ಒಳಗೆ ಜೇನುಗೂಡಿನ ಹಾಗೆ ತೂತುತೂತಾದ ಪಿಂಗಾಣಿ ಇರುತ್ತದಲ್ಲ, ಅದೇ. ಕಾಯಿಸಿದರೂ ಹೆಚ್ಚು ಹಿಗ್ಗದಿರುವುದೇ ಅದರ ದೊಡ್ಡಗುಣ. ನಾನು ಅದಕ್ಕೆ ಒಂಚೂರು ಬೇರೆ ಲೋಹ ಬೆರೆಸಿದ್ದೆ. ಹೋದ ತಿಂಗಳು ಎಕ್ಸ್‌ರೇ ಯಂತ್ರದೊಳಗೆ ಕಾಯಿಸುತ್ತ ನೋಡಿದರೆ ಹಿಗ್ಗುವುದಿರಲಿ, ಕುಗ್ಗುತ್ತಿತ್ತು! ಕಾವು ಏರಿದಂತೆ ಗ್ರಾಫಿನ ಪೀಕುಗಳೆಲ್ಲ, ಅಂದರೆ ಎಕ್ಸ್‌ರೇ ಜೋರಾಗಿ ಚಿಮ್ಮುವ ಕೋನಗಳು, ಬಲಕ್ಕೆ ಸರಿದವು. ಕೋನ ಹೆಚ್ಚಾಯಿತೆಂದರೆ ಪರಮಾಣುಗಳ ಸಾಲುಗಳ ನಡುವಿನ ಅಂತರ ಕಮ್ಮಿಯಾಯಿತು ಅಂತ. ವಿಜ್ಞಾನಿಗಳಾದ ಬ್ರ್ಯಾಗ್ ಅಪ್ಪ-ಮಗ ನೂರು ವರ್ಷದ ಹಿಂದೆಯೇ ಹೇಳಿಟ್ಟ ಲೆಕ್ಕ.

ಗೈಡಿಗೆ ಫೋನ್ ಮಾಡಿದೆ. ಅವರು ಸಂಭ್ರಮಕ್ಕೆ ಕಾಯುತ್ತಲೇ ಇರುವ ಮನುಷ್ಯ. 1996ರಲ್ಲಿ ಅಮೆರಿಕದ ಆರೆಗನ್‌ನ ವಿಜ್ಞಾನಿಗಳು ಜಿರ್ಕೋನಿಯಂ ಟಂಗ್‌ಸ್ಟೇಟ್ ಎಂಬ ವಸ್ತು ಸುಮಾರು 777 ಡಿಗ್ರಿವರೆಗೂ ಕುಗ್ಗುತ್ತಲೇ ಹೋಗುತ್ತದೆ ಎಂದು ತೋರಿಸಿದ ಕಥೆಯನ್ನು ಮತ್ತೊಮ್ಮೆ ಹೇಳಿ, ಸಂಜೆಯೊಳಗೆ ಪೇಪರಿನ ಶೀರ್ಷಿಕೆ ಕಳಿಸಿದರು. ಶೀರ್ಷಿಕೆ ಮೊದಲು, ಪ್ರಯೋಗ ಆಮೇಲೆ. ನಾನೂ ಅದನ್ನು ಅಮ್ಮನಿಗೆ ಓದಿ ಹೇಳಿದೆ, ಸುಳ್ಳು ಯಾಕೆ.

ಇನ್ನೊಂದು ಸಲ ನೋಡಿ ಖಾತ್ರಿ ಮಾಡಿಕೊಳ್ಳೋಣ ಅಂತ ಮಂಗಳವಾರ ಸ್ಲಾಟ್ ತಗೊಂಡಿದ್ದೆ. ಮೊದಲ ಸಲ ಯಂತ್ರ ನೋಡಿಕೊಳ್ಳುವವರು ರಜೆಯಲ್ಲಿದ್ದರು, ಜೂನಿಯರ್ ಹುಡುಗ ನಡೆಸಿಕೊಟ್ಟಿದ್ದ. ಈ ಸಲ ಅವರೇ ಇದ್ದರು. ಕಾಂಟ್ರಾಕ್ಟ್ ನೌಕರಿ, ಮಾತು ಕಮ್ಮಿ, ಮುಖದಲ್ಲಿ ಸದಾ ಒಂದು ಬೇಸರ. ಅವರನ್ನು ಸಿಡುಕ ಅಂತಲೇ ನಾವೆಲ್ಲ ಕರೆಯುತ್ತಿದ್ದುದು.

ನನ್ನ ಹಳೇ ಗ್ರಾಫನ್ನು ಒಂದು ನಿಮಿಷ ನೋಡಿದರು. ಪುಡಿ ಕೂರುವುದು ಬೆರಳಗಲದ ಪ್ಲಾಟಿನಂ ಪಟ್ಟಿಯ ಮೇಲೆ. ಅದರಲ್ಲೇ ಕರೆಂಟು ಹರಿದು ಕೆಂಪಗೆ ಕಾಯುತ್ತದೆ. ಹಾಗಾಗಿ ಪುಡಿಯ ಪೀಕುಗಳ ಜೊತೆ ಪ್ಲಾಟಿನಂನದೂ ಬರುತ್ತದೆ, 39.8 ಡಿಗ್ರಿ ಕೋನದ ಹತ್ತಿರ. ನನಗೆ ಅದು ಕಸ, ಅಳಿಸಿಬಿಡುತ್ತಿದ್ದೆ. ಅವರು ಬೆರಳಿಟ್ಟಿದ್ದೇ ಅಲ್ಲಿ. 600 ಡಿಗ್ರಿ ಕಾವಿಗೆ ಪ್ಲಾಟಿನಂ ಹಿಗ್ಗಿ ಪೀಕು ಸುಮಾರು 0.2 ಡಿಗ್ರಿ ಎಡಕ್ಕೆ ಬರಬೇಕು. ಬಂದಿದ್ದು ಅದರ ಅರ್ಧ. ಆಗ ಡಬ್ಬಿ ಮುಚ್ಚುತ್ತ ಕೇಳಿದರು. "ಪ್ಲಾಟಿನಂಗೂ ನಿಮ್ಮ ಪುಡೀದೇ ಗಾಳಿ ಸೋಕ್ತಾ ಮೇಡಂ?"

ಎರಡನ್ನೂ ಬಲಕ್ಕೆ ತಳ್ಳಿದ್ದು ಪಟ್ಟಿಯೇ. ಕಾದ ಪಟ್ಟಿ ಮೇಲಕ್ಕೆ ಉಬ್ಬುತ್ತದೆ. ಮೇಲಿನ ಪುಡಿಯೂ ಏರುತ್ತದೆ. ಎತ್ತರ 0.1 ಮಿಲಿಮೀಟರ್ ತಪ್ಪಿದರೆ ಸಾಕು, ಪೀಕು 0.05 ಡಿಗ್ರಿಯಷ್ಟು ಬಲಕ್ಕೆ. ಹೆಚ್ಚು ಹಿಗ್ಗದ ಪುಡಿಗೆ ಅಷ್ಟೇ ಸಾಕು, ಕುಗ್ಗಿದ ಹಾಗೆ ಕಾಣುವುದಕ್ಕೆ. ಕುಗ್ಗಿದ್ದು ಯಾವುದೂ ಅಲ್ಲ.

"ಕಾವಾದ್ರೂ ಸರಿ ತೋರಿಸ್ತಿದೆಯಾ ನೋಡೋಣ" ಅಂತ ಮೇಜಿನ ಡ್ರಾಯರ್‌ನಿಂದ ಹಳೇ ಫಿಲ್ಮ್ ಡಬ್ಬಿ ತೆಗೆದರು. ಒಳಗೆ ಬಿಳಿ ಪುಡಿ. ಅವರ ಊರಿನ ಹೊಲದ ಬೆಣಚುಕಲ್ಲಂತೆ, ಅವರೇ ಕುಟ್ಟಿ ಅರೆದಿಟ್ಟಿದ್ದು! ಸಂಜೆಗತ್ತಲಲ್ಲಿ ಎರಡು ಬೆಣಚುಕಲ್ಲು ಉಜ್ಜಿ ಕಿಡಿ ನೋಡಿ, ಆ ಸುಟ್ಟ ವಾಸನೆ ಮೂಸಿದವಳು ನಾನು. ಅದು ಥರ್ಮಾಮೀಟರೂ ಹೌದು ಅಂತ ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ಸರಿಯಾಗಿ 573 ಡಿಗ್ರಿಗೆ ಅದರ ಹರಳಿನ ಕಟ್ಟು ಬದಲಾಗುತ್ತದೆ. ಇದೇ ಬೆಂಗಳೂರಿನಲ್ಲಿ, 1940ರಷ್ಟು ಹಿಂದೆ, ಸಿ.ವಿ. ರಾಮನ್ ಮತ್ತು ಅವರ ಜೊತೆಗಾರ ನೆಡುಂಗಾಡಿ ಬೆಣಚನ್ನು ಕಾಯಿಸುತ್ತ ಬೆಳಕಿನ ಗೆರೆಯೊಂದು ಆ ಘಟ್ಟದ ಕಡೆಗೆ ಮಸುಕಾಗುತ್ತ ಹೋಗುವುದನ್ನು ಕಂಡಿದ್ದರು.

ಇಬ್ಬರೂ ಪರದೆ ಮುಂದೆ ಕೂತೆವು. 26.6ರಲ್ಲಿದ್ದ ಪೀಕು ಎಡಕ್ಕೆ ಜಾರುತ್ತ, ಜಾರುತ್ತ, ಕೊನೆಗೆ ಓಡಿದ ಹಾಗೆ ಬಂದು, 26.3ರ ಆಸುಪಾಸಿನಲ್ಲಿ ಗಕ್ಕನೆ ನಿಂತಿತು. ಮತ್ತೆ ಕದಲಲಿಲ್ಲ. ಅದೇ 573ರ ಘಟ್ಟ. ಪರದೆಯ ಮೂಲೆಯಲ್ಲಿ ಕಾವು 608 ಅಂತಿತ್ತು. ಅಳೆಯುವ ತಂತಿ ಪಟ್ಟಿಯ ಕೆಳಗಿದೆ, ಪುಡಿ ಮೇಲಿದೆ. ಹೊಲದ ಕಲ್ಲಿನ ಲೆಕ್ಕದಲ್ಲಿ ಯಂತ್ರ 35 ಡಿಗ್ರಿ ಸುಳ್ಳು ಹೇಳುತ್ತಿತ್ತು.

ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂದಿತ್ತು, ಯಾರ ಮೇಲೆ ಅಂತ ಗೊತ್ತಿಲ್ಲ. ಇಂಥವರ ಹೆಸರು ನಮ್ಮ ಪೇಪರುಗಳಲ್ಲಿ ಕೊನೆಯ ಕೃತಜ್ಞತೆಯ ಸಾಲಲ್ಲಿ ಬರುತ್ತದೆ, ಬಂದರೆ. ಪೇಪರ್ ಆಗದ ಹಾಗೆ ತಡೆದವರಿಗೆ ಆ ಸಾಲೂ ಇಲ್ಲ. ಗೈಡಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಬೇರೆ ಕಡೆ ಯಂತ್ರ ಸಿಗುತ್ತಾ ನೋಡಮ್ಮ" ಅಂದರು. ಶೀರ್ಷಿಕೆ ಬಿಡಲು ಅವರಿಗೆ ಮನಸ್ಸಿಲ್ಲ.

ಹೊರಡುವಾಗ ಲಾಗ್‌ಬುಕ್‌ಗೆ ಸಹಿ ಹಾಕಬೇಕಿತ್ತು. ಹೋದ ತಿಂಗಳ ನನ್ನ ಸಹಿ ಹುಡುಕಿ ಹಿಂದಿನ ಪುಟ ತಿರುಗಿಸಿದೆ. ನನ್ನ ಹೆಸರಿನ ಮೇಲಿನ ಸಾಲಿನಲ್ಲೇ, ರಿಮಾರ್ಕ್ಸ್ ಕಾಲಮ್ಮಿನಲ್ಲಿ, ರಜೆಗೆ ಹೋಗುವ ಮುಂಚೆ ಅವರು ಬರೆದಿಟ್ಟಿದ್ದರು: "ಪಟ್ಟಿ ಉಬ್ಬುತ್ತಿದೆ. ಬದಲಿಸಬೇಕು."