ಹಳೇ ಎಟಿವಿಯ ಪವರ್ ಜಾಸ್ತಿ ಮಾಡಿಸಬಹುದಾ?

'ಅಣ್ಣಾ, ತೋಟದಲ್ಲಿ ಹಳೇ ಎಟಿವಿ ಇದೆ. ಸೈಲೆನ್ಸರ್ ಬದಲಾಯಿಸಿ, ಓಪನ್ ಫಿಲ್ಟರ್ ಹಾಕಿ, ಇಂಜಿನ್ ಸಿಲಿಂಡರಿನ ಬೋರ್ (ಒಳಗಿನ ತೂತು) ದೊಡ್ಡದು ಮಾಡಿಸಿದರೆ ಎಷ್ಟು ಪವರ್ ಬರುತ್ತೆ?' ಪುಣೆಯಲ್ಲಿ ಗ್ಯಾರೇಜ್ ಇಟ್ಟಿರುವ ನನ್ನನ್ನು ಕನ್ನಡದವರು ಯಾರೇ ಸಿಕ್ಕರೂ ಕೇಳುವುದು ಇದನ್ನೇ. ಎಟಿವಿ ಅಂದರೆ ಬೈಕಿನ ಥರ ಹ್ಯಾಂಡಲ್ ಹಿಡಿದು, ಕಲ್ಲು ಕೆಸರಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ. ಪುಣೆ ಪಕ್ಕದ ಮುಳಶಿ ಕಡೆ ಜಮೀನು ಇರುವವರೂ ಕೇಳುತ್ತಾರೆ, ಕರ್ಜತ್‌ನಲ್ಲಿ ತೋಟ ಮಾಡಿರುವ ಮುಂಬೈ ಹೋಟೆಲಿನವರೂ ಕೇಳುತ್ತಾರೆ.

ನನ್ನ ಉತ್ತರ ಇಷ್ಟು: ಕಂಪನಿಯಿಂದ ಬಂದಾಗ ಇದ್ದ ಪವರನ್ನು ಮೊದಲು ವಾಪಸ್ ತನ್ನಿ. ಹೆಚ್ಚಿನವರಿಗೆ ಅದೇ ಸಾಕಾಗುತ್ತದೆ.

ಪೊಲಾರಿಸ್ ಸ್ಪೋರ್ಟ್ಸ್‌ಮನ್ 500 ಥರದ ಗಾಡಿಯನ್ನೇ ತಗೊಳ್ಳಿ. ಒಂದೇ ಸಿಲಿಂಡರ್, ಬೆಲ್ಟ್ ಡ್ರೈವ್ (ಇಂಜಿನ್ನಿನ ಪವರನ್ನು ಎರಡು ಪುಲ್ಲಿಗಳ ನಡುವಿನ ಬೆಲ್ಟ್ ಮುಂದಕ್ಕೆ ದಾಟಿಸುತ್ತದೆ), 300 ಕೆಜಿಗೂ ಜಾಸ್ತಿ ತೂಕ. ಗೊಬ್ಬರದ ಮೂಟೆ ಹೇರಿಕೊಂಡು, ಟ್ರೈಲರ್ ಕಟ್ಟಿಕೊಂಡು ಕೆಸರಲ್ಲಿ ನಿಧಾನಕ್ಕೆ ಎಳೆಯಲಿ ಅಂತ ಮಾಡಿದ್ದು. ಟ್ರ್ಯಾಕ್ಟರ್ ಎಂದು ನೋಂದಣಿಯಾದ ಮಾಡೆಲ್ ಬಿಟ್ಟರೆ, ಇಂಥ ಹಳೇ ಎಟಿವಿಗಳನ್ನು ನಮ್ಮಲ್ಲಿ ರಸ್ತೆಗಿಳಿಸುವ ಹಾಗಿಲ್ಲ. ತೋಟದ ಒಳಗೆ ಟಾಪ್ ಸ್ಪೀಡ್ ಇಟ್ಟುಕೊಂಡು ಏನು ಮಾಡುತ್ತೀರಿ?

ಪಿಕಪ್ ಇಲ್ಲ ಅಂತ ಬಂದ ಗಾಡಿಯಲ್ಲಿ ಇಂಜಿನ್ ಮುಟ್ಟುವ ಮೊದಲು ನಾನು ಬೆಲ್ಟಿನ ಕವರ್ ಬಿಚ್ಚುತ್ತೇನೆ. ಬೆಲ್ಟಿನ ಪಕ್ಕದ ಅಂಚುಗಳು ಗಟ್ಟಿಯಾಗಿ, ನುಣುಪಾಗಿ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ. ವರ್ನಿಯರ್ ಹಿಡಿದು ಅಗಲ ನೋಡಿ, ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಲಿಮಿಟ್‌ಗಿಂತ ಕಡಿಮೆ ಇದ್ದರೆ ಕಿತ್ತು ಬದಿಗಿಡಬೇಕು. ಸವೆದ ಬೆಲ್ಟ್ ಪುಲ್ಲಿಯಲ್ಲಿ ಒಳಕ್ಕೆ ಇಳಿದು ಕೂರುತ್ತದೆ. ಆಗ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಮುಂದಿನ ಪುಲ್ಲಿಯ ವೇಟ್, ರೋಲರ್, ಹಿಂದಿನ ಪುಲ್ಲಿಯ ಸ್ಪ್ರಿಂಗ್ ಕೂಡ ಅದೇ ಹೊತ್ತಿಗೆ ನೋಡಿಬಿಡಿ.

ಆಮೇಲೆ ಟೈರ್ ಗಾಳಿ. ಈ ಟೈರಿಗೆ ಸುಮಾರು 5 ಪಿಎಸ್‌ಐ ಸಾಕು. ಪಂಕ್ಚರ್ ಅಂಗಡಿಯಲ್ಲಿ ಬೈಕಿನ ಲೆಕ್ಕದಲ್ಲಿ 25, 30 ತುಂಬಿಸುತ್ತಾರೆ. ಗಾಡಿ ಪುಟಿಯುತ್ತದೆ, ಹಿಡಿತ ಹೋಗುತ್ತದೆ, ಮಾಲೀಕರು ಪವರ್ ಕಡಿಮೆ ಅಂದುಕೊಳ್ಳುತ್ತಾರೆ.

ಇಷ್ಟಾದ ಮೇಲೂ ಎಳೆಯದಿದ್ದರೆ ಪ್ಲಗ್ ತೂತಿಗೆ ಗೇಜ್ ಹಾಕಿ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಬೇಕು. ಆಕ್ಸಿಲರೇಟರ್ ಪೂರ್ತಿ ತೆರೆದೇ ಸ್ಟಾರ್ಟರ್ ಒತ್ತಬೇಕು, ಇಲ್ಲದಿದ್ದರೆ ಸುಮ್ನೆ ಕಡಿಮೆ ತೋರಿಸುತ್ತದೆ. ರೀಡಿಂಗ್ ಕಡಿಮೆ ಬಂದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್ ಹೋಗಿದೆ. ಹಾಗೇ ಉಳಿದರೆ ವಾಲ್ವ್ ಕಡೆ ಗಮನ ಕೊಡಿ.

ಇನ್ನು ಎಲ್ಲರಿಗೂ ಇಷ್ಟವಾದ ಓಪನ್ ಫಿಲ್ಟರ್ (ಡಬ್ಬಿಯಿಲ್ಲದ ಏರ್ ಫಿಲ್ಟರ್) ಮತ್ತು ಸೈಲೆನ್ಸರ್. ಕಾರ್ಬೊರೇಟರ್ ಗಾಡಿಗೆ ಇವನ್ನು ಹಾಕಿ ಜೆಟ್ (ಪೆಟ್ರೋಲ್ ಎಷ್ಟು ಬಿಡಬೇಕೆಂದು ಅಳೆಯುವ ಸಣ್ಣ ತೂತಿನ ಭಾಗ) ಬದಲಾಯಿಸದಿದ್ದರೆ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಸಾಲುವುದಿಲ್ಲ. ಇಂಜಿನ್ ವಿಪರೀತ ಕಾಯುತ್ತದೆ, ವಾಲ್ವ್ ಸುಡಬಹುದು. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಇ20, ಅಂದರೆ ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಜೆಟ್ ಇದ್ದರೆ ಮಿಶ್ರಣ ಮೊದಲೇ ತೆಳ್ಳಗಿರುತ್ತದೆ. ಹಳೇ ರಬ್ಬರ್ ಪೈಪು, ಓರಿಂಗುಗಳೂ ಇದರಿಂದ ಹಾಳಾಗುತ್ತವೆ. ಅದರ ಮೇಲೆ ಮಳೆಗಾಲದ ಮುಳಶಿಯ ಕೆಸರು. ಕಂಪನಿಯ ಏರ್ ಬಾಕ್ಸನ್ನು ನೀರು, ಕೆಸರು ಒಳಗೆ ಹೋಗದಿರಲಿ ಅಂತಲೇ ಎತ್ತರದಲ್ಲಿ ಕೂರಿಸಿರುತ್ತಾರೆ. ಅದನ್ನು ಕಿತ್ತುಹಾಕಬೇಡಿ ಅಂತ ನಾನು ಕೈ ಮುಗಿದು ಕೇಳುತ್ತೇನೆ.

ನಾನು ಸಂತೋಷದಿಂದ ಮಾಡಿಕೊಡುವ ಬದಲಾವಣೆ ಒಂದೇ, ಕ್ಲಚ್ ಕಿಟ್, ಅಂದರೆ ಆ ಪುಲ್ಲಿಗಳ ವೇಟ್, ಸ್ಪ್ರಿಂಗ್ ಬದಲಾಯಿಸುವುದು. ಅದೂ ದೊಡ್ಡ ಟೈರ್ ಹಾಕಿಸಿದವರಿಗೆ. 25 ಇಂಚಿನ ಬದಲು 27 ಇಂಚಿನದು ಹಾಕಿದರೆ ಗೇರಿಂಗ್ ಸುಮಾರು ಶೇಕಡ 8ರಷ್ಟು ಮೇಲೆ ಹೋಗುತ್ತದೆ, ಎಳೆಯುವುದು ಅಷ್ಟು ಕಷ್ಟವಾಗಿ ಲೋಡಿನಲ್ಲಿ ಬೆಲ್ಟ್ ಬಿಸಿಯಾಗುತ್ತದೆ. ಸರಿಯಾದ ವೇಟ್, ಸ್ಪ್ರಿಂಗ್ ಹಾಕಿದರೆ ಏರಿನಲ್ಲಿ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಇಂಜಿನ್ನಿಗೆ ಏನೂ ತೊಂದರೆಯಿಲ್ಲ.

ಬೋರ್ ದೊಡ್ಡದು ಮಾಡಿಸುವುದಾ? ರಿಂಗ್ ಹೋಗಿ ಸಿಲಿಂಡರ್ ಹೇಗೂ ಬಿಚ್ಚಲೇಬೇಕಾದಾಗ ಕೇಳಿ. ಅದಕ್ಕೆ ಹೊಂದುವ ದೊಡ್ಡ ಪಿಸ್ಟನ್ ಹೊರದೇಶದಿಂದ ಬರಬೇಕು, ಕಾಯುವುದು ಅನಿವಾರ್ಯ. ಆ ಹೊತ್ತಿಗೆ ಬ್ರೇಕ್, ಬಾಲ್ ಜಾಯಿಂಟ್, ಬುಷ್ ಸರಿಯಿರಲೇಬೇಕು. ಈ ಗಾಡಿಗಳು ಉದ್ದ ಕಡಿಮೆ, ಎತ್ತರ ಜಾಸ್ತಿ, ತಿರುವಿನಲ್ಲಿ ಸಲೀಸಾಗಿ ಮಗುಚುತ್ತವೆ. ಮೇಲೆ ಬಿದ್ದರೆ 300 ಕೆಜಿ. ತೋಟದ ಕೆಲಸದ ಹುಡುಗರೂ ಅದನ್ನೇ ಓಡಿಸುತ್ತಾರೆ, ಅಲ್ವಾ? ಬ್ರೇಕ್ ಹಿಡಿಯದ ಗಾಡಿಯ ಇಂಜಿನ್ನಿಗೆ ನಾನು ಕೈ ಹಾಕುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ.