ಬೈತಖೋಲ್ ಧಕ್ಕೆಯಲ್ಲಿ ಕರಾಚಿ

ಡಿಸೆಂಬರ್ 4, 2025, ಗುರುವಾರ
ಕಾರವಾರ, ರಾತ್ರಿ ಹನ್ನೊಂದೂವರೆ

ಸಂಜೆ ಆರಕ್ಕೆ ಫೋನ್ ಬಂತು. ತಮ್ಮನ ಮೀನುಗಾರಿಕೆ ಬೋಟಿನ ಫ್ಯಾನಿಗೆ (ನೀರೊಳಗೆ ತಿರುಗುವ ಪ್ರೊಪೆಲ್ಲರ್‌ಗೆ) ಬಲೆ ಸುತ್ತಿಕೊಂಡಿದೆ, ಇನ್ನೊಂದು ಬೋಟು ಎಳೆದು ತರ್ತಾ ಇದೆ, ಹೆದರಬೇಡಿ ಅಂದರು. ಹಾಗೆ ಅಂದಮೇಲೆ ಮನೆಯಲ್ಲಿ ಕೂರೋಕೆ ಆಗುತ್ತದಾ? ಅಮ್ಮನ ಹತ್ತಿರ ಮಗನನ್ನು ಬಿಟ್ಟು ಬೈತಖೋಲಿಗೆ ಹೋದೆ. ಮಾಮ ಆಗಲೇ ಧಕ್ಕೆಯ ಅಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಟಾರ್ಚು, ಚಹಾದ ಫ್ಲಾಸ್ಕು. ಹೊಸ್ತಿಲ ಹುಣ್ಣಿಮೆ ಅಲ್ವಾ, ನೀರೆಲ್ಲ ಬೆಳ್ಳಗಿತ್ತು. ಆದರೂ ಅವರ ಕಣ್ಣು ಇದ್ದದ್ದು ಲೈಟ್‌ಹೌಸ್ ದ್ವೀಪದ ಆಚೆ.

"ಇನ್ನೂ ಮೂರು ತಾಸು ಬೇಕು. ಎಳೆಯುವಾಗ ಅವಸರ ಮಾಡ್ಲಿಕ್ಕೆ ಆಗೂದಿಲ್ಲ" ಅಂದರು.

ಸುಮ್ನೆ ಕೂತರೆ ಕೆಟ್ಟ ಯೋಚನೆಯೇ ಜಾಸ್ತಿ. ಅದಕ್ಕೆ ಮಗನ ಭಾಷಣದ ವಿಷಯ ತೆಗೆದೆ. ಇವತ್ತು ನೌಕಾಪಡೆ ದಿನ, 1971ರ ಯುದ್ಧದಲ್ಲಿ ನಮ್ಮ ನೌಕಾಪಡೆ ಪಾಕಿಸ್ತಾನದ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದ ದಿನ. ಶಾಲೆಯಲ್ಲಿ ಐದು ನಿಮಿಷ ಮಾತಾಡಬೇಕಿತ್ತು. ನಮ್ಮ ಬೀಚಿನಲ್ಲಿ ಮ್ಯೂಸಿಯಂ ಮಾಡಿಟ್ಟಿರುವ ಚಪಲ್ ಹಡಗೇ ಅವತ್ತು ಕರಾಚಿಗೆ ಹೋಗಿ ಅಲ್ಲಿನ ಬಂದರನ್ನು ಸುಟ್ಟು ಬಂತು ಅಂತ ಬರೆದುಕೊಂಡಿದ್ದ. ಊರಲ್ಲಿ ಎಷ್ಟೋ ಜನ ಹಾಗೇ ನಂಬಿದ್ದಾರೆ. ಬೆಳಿಗ್ಗೆ ಕೂರಿಸಿಕೊಂಡು ತಿದ್ದಿಸಿದೆ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಅವತ್ತು ಹೋದವು ನಿಪಾತ್, ನಿರ್ಘಾತ್, ವೀರ್. ಚಪಲ್ ಅದೇ ಜಾತಿಯ ದೋಣಿ, ಅವುಗಳ ತಂಗಿ ಇದ್ದ ಹಾಗೆ. ಮಗನಿಗೆ ಸ್ವಲ್ಪ ಬೇಸರವಾಯ್ತು. ಆದರೆ ನಿಜವಾದ ಕತೆ ಹೇಳಿದ ಮೇಲೆ ಇಡ್ಲಿ ತಿನ್ನೋದನ್ನೇ ಮರೆತ.

ಅದೇ ಕತೆಯನ್ನು ಮಾಮನಿಗೂ ಹೇಳಿದೆ. ಆ ಮೂರೂ ಸೇರಿ ರಷ್ಯಾದಿಂದ ಬಂದ ಎಂಟು ಕ್ಷಿಪಣಿ ದೋಣಿಗಳು ದಡ ಕಾಯಲಿಕ್ಕೆ ಮಾಡಿದವು. ಓಡುವುದು ಜೋರು, ಆದರೆ ದೂರ ಹೋಗುವಷ್ಟು ಎಣ್ಣೆ ಹಿಡಿಯುವುದಿಲ್ಲ. ಅಷ್ಟು ಭಾರ ಎತ್ತುವ ಕ್ರೇನು ಮುಂಬೈಯಲ್ಲಿ ಇರಲಿಲ್ಲ ಅಂತ ಕಲ್ಕತ್ತಾದಲ್ಲಿ ಇಳಿಸಿದರು. ಅಲ್ಲಿಂದ ಮುಂಬೈವರೆಗೆ ಬೇರೆ ಹಡಗುಗಳು ಎಳೆದು ತಂದವು. ಕಲ್ಕತ್ತಾದಿಂದ ಮುಂಬೈಗೆ ಎಳೆದು ತರಬಹುದಾದರೆ ಮುಂಬೈಯಿಂದ ಕರಾಚಿ ಕಡೆ ಯಾಕೆ ಒಯ್ಯಬಾರದು? ಯೋಚನೆ ಬೆಳೆದದ್ದು ಅಲ್ಲಿಂದ.

ಮಾಮ ಫ್ಲಾಸ್ಕಿನ ಮುಚ್ಚಳ ಕೆಳಗಿಟ್ಟರು.

"ಹಗ್ಗ ಎಷ್ಟು ಉದ್ದ ಬಿಟ್ಟಿದ್ರು?"

ನಲವತ್ತು ವರ್ಷ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ಆಗಿದ್ದವರಿಗೆ ಮೊದಲು ಹೊಳೆಯೋದು ಅದೇ. ಎಳೆಯುವ ಹಗ್ಗ ಬಿಗಿಯಾಗಿ ನಿಲ್ಲಬಾರದಂತೆ. ನಡುವೆ ಜೋತು ನೀರೊಳಗೆ ಇಳಿದಿರಬೇಕು. ತೆರೆ ಬಂದು ಎರಡು ಬೋಟು ದೂರವಾದಾಗ ಆ ಜೋತು ಎಳೆತವನ್ನು ನುಂಗುತ್ತದೆ. ಗಿಡ್ಡ ಬಿಟ್ಟರೆ ಒಂದೇ ಜಗ್ಗಿಗೆ ಪಟ್ ಅಂತ ಹರಿಯುತ್ತದೆ. ಅಂಗಿಯ ತೋಳು ಮೇಲೆ ಮಾಡಿ ಟಾರ್ಚು ಬಿಟ್ಟು ತೋರಿಸಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಳಿಯ ಗೆರೆ. ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ, ಬಲೆ ತಾಗಿದ್ದು ಅಂದುಕೊಂಡಿದ್ದೆ. ಹರಿದ ಹಗ್ಗ ತಿರುಗಿ ಹೊಡೆದದ್ದಂತೆ.

"ಕಲ್ಕತ್ತಾದಿಂದ ಮುಂಬೈಗೆ ಅಂದ್ರೆ ಕನ್ಯಾಕುಮಾರಿ ಸುತ್ತಿ ಬರ್ಬೇಕು. ಹಂಗಾದ್ರೆ ನಮ್ಮ ಎದುರಿಂದ್ಲೇ ಹೋಗಿರ್ಬೇಕಲ್ಲ" ಅಂದರು. ಆಗ ಅವರಿಗೆ ಹದಿನಾರು. ಅಂಜುದೀವ್ ದ್ವೀಪದ ಆಚೆ ಹಗ್ಗ ಕಟ್ಟಿಕೊಂಡು ಹೋದ ಹಡಗುಗಳು ನೆನಪಿಗೆ ಬರ್ತವೇನೋ ಅಂತ ತುಂಬಾ ಹೊತ್ತು ನೋಡುತ್ತ ಕೂತರು.

ಆ ರಾತ್ರಿಯದ್ದನ್ನೂ ಕೇಳಿದರು. ಮೂರು ದೋಣಿಗಳ ಜೊತೆ ಕಿಲ್ತಾನ್, ಕಚ್ಚಾಲ್ ಅನ್ನುವ ಎರಡು ದೊಡ್ಡ ಹಡಗು, ಎಣ್ಣೆ ತುಂಬಲು ಪೋಷಕ್. ಹಗಲಿಡೀ ಕರಾಚಿಯಿಂದ ದೂರ, ಪಾಕಿಸ್ತಾನದ ವಿಮಾನಗಳ ಕಣ್ಣಿಗೆ ಬೀಳದ ಹಾಗೆ ಇದ್ದರು. ರಾತ್ರಿ ಸಮುದ್ರದ ಮೇಲೆ ಬಂದು ಹೊಡೆಯುವುದು ಆ ವಿಮಾನಗಳಿಗೆ ಆಗುತ್ತಿರಲಿಲ್ಲ. ಅದಕ್ಕೇ ಕತ್ತಲಾಗುವುದನ್ನು ಕಾದು ನುಗ್ಗಿದರು. ನಿರ್ಘಾತ್ ಬಿಟ್ಟ ಕ್ಷಿಪಣಿಗೆ ಪಾಕಿಸ್ತಾನದ ಯುದ್ಧನೌಕೆ ಖೈಬರ್ ಮುಳುಗಿತು. ಆಕಾಶದಲ್ಲಿ ಬರುತ್ತಿದ್ದ ಬೆಳಕನ್ನು ಅದರಲ್ಲಿದ್ದವರು ವಿಮಾನ ಅಂದುಕೊಂಡಿದ್ದರು. ವೀರ್ ಮುಹಾಫಿಜ್ ಅನ್ನುವ ಹಡಗನ್ನು ಮುಳುಗಿಸಿತು. ನಿಪಾತ್ ಮದ್ದುಗುಂಡು ಹೊತ್ತು ಬರುತ್ತಿದ್ದ ಹಡಗನ್ನು ಹೊಡೆದು, ಆಮೇಲೆ ಕರಾಚಿ ಬಂದರಿನ ಕೆಮಾರಿಯಲ್ಲಿದ್ದ ಎಣ್ಣೆ ಟ್ಯಾಂಕುಗಳಿಗೆ ಗುರಿಯಿಟ್ಟಿತು. ನಮ್ಮವರು ಒಬ್ಬರೂ ಸಾಯದೆ ತಿರುಗಿ ಬಂದರು. ನಡುವೆ ರೇಡಿಯೋದಲ್ಲಿ ಮಾತಾಡಿದ್ದು ರಷ್ಯನ್ ಭಾಷೆಯಲ್ಲಿ. ತರಬೇತಿಗೆ ಹೋದಾಗ ಕಲಿತದ್ದು.

"ನಾವು ಬಂಗಡೆ ಸಿಕ್ಕ ಜಾಗ ವಾಯರ್‌ಲೆಸ್‌ನಲ್ಲಿ ಕೊಂಕಣಿಯಲ್ಲಿ ಹೇಳೂದಿಲ್ವಾ, ಹಂಗೇ" ಅಂದರು ಮಾಮ.

ಮಗನಿಗೆ ಹೇಳದೇ ಬಿಟ್ಟದ್ದು ಒಂದಿತ್ತು. ಆಗ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ನಂದಾ ಬೆಳೆದದ್ದು ಕರಾಚಿ ಬಂದರಿನ ಬಾಯಲ್ಲೇ ಇರುವ ಮನೋರಾದಲ್ಲಿ. ನೌಕಾಪಡೆ ಸೇರುವ ಮೊದಲು ಕೆಲಸ ಮಾಡಿದ್ದೂ ಅದೇ ಬಂದರಿನಲ್ಲಿ. ಕ್ಷಿಪಣಿ, ಕತ್ತಲು, ಹಗ್ಗ ಎಲ್ಲ ಸರಿ. ಆದರೆ ಆ ಗೆಲುವಿಗೆ ದೊಡ್ಡ ಕಾರಣ ಇದೇ ಅಂತ ನನಗೆ ಅನಿಸುತ್ತದೆ. ಬಂದರಿನ ಬಾಯಿ ಎಷ್ಟು ಇಕ್ಕಟ್ಟು, ಎಣ್ಣೆ ಎಲ್ಲಿ ಇಡುತ್ತಾರೆ, ಎಲ್ಲಿ ತಾಗಿದರೆ ಆ ದೇಶಕ್ಕೆ ನೋಯುತ್ತದೆ, ಇದೆಲ್ಲ ಅವರಿಗೆ ನಕ್ಷೆ ಬಿಡಿಸದೆ ಗೊತ್ತಿತ್ತು.

ಮಾಮ ಏನೂ ಹೇಳಲಿಲ್ಲ. ಬೆರಳಿಗೆ ಚಹಾ ಅದ್ದಿ ಸಿಮೆಂಟಿನ ಮೇಲೆ ಗೆರೆ ಎಳೆದರು. ಇಲ್ಲಿ ಎರಡು ಬಂಡೆ. ಇಳಿತದಲ್ಲಿ ಒಂದೇ ಕಾಣ್ತದೆ ಅಂತ ನಂಬಬಾರದು. ಇಲ್ಲಿ ಮರಳು. ಇಲ್ಲಿ ದೋಣಿ ಎಳೆಯುವ ಜಾಗ. ಇಲ್ಲಿ ಬಾವಿ. ಅದು ಅರ್ಗಾ. ಅವರು ಹುಟ್ಟಿದ ದಡ ಈಗ ನೌಕಾನೆಲೆಯ ಬೇಲಿಯೊಳಗಿದೆ. ಎಷ್ಟೋ ವರ್ಷದಿಂದ ಅಲ್ಲಿ ಕಾಲಿಟ್ಟಿಲ್ಲ. ಆದರೂ ಬೆರಳು ಒಂದು ಸಲವೂ ತಡೆಯಲಿಲ್ಲ.

"ಈಜು ಕಲಿತ ನೀರಿಗೆ ಬೆಂಕಿ ಹಚ್ಚಲಿಕ್ಕೆ ಹೇಳೂದು ಅಂದ್ರೆ..." ಅಂದು ನಿಲ್ಲಿಸಿದರು. ಚಹಾದ ಗೆರೆ ಒಣಗುತ್ತಿತ್ತು.

ಆಮೇಲೆ ನನ್ನ ಬಾಯಿಗೆ ಖುಕ್ರಿ ಹಡಗಿನ ಮಾತು ಯಾಕೆ ಬಂತೋ. ಕರಾಚಿ ಹೊತ್ತಿ ಉರಿದ ಐದೇ ದಿನಕ್ಕೆ, ಡಿಸೆಂಬರ್ 9ರ ರಾತ್ರಿ, ದಿಯು ಹತ್ತಿರ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ನಮ್ಮ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಅದರ ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಇಳಿಯಲೇ ಇಲ್ಲ. ತಮ್ಮನನ್ನು ಕಾಯುತ್ತ ಕೂತ ಹೊತ್ತಿನಲ್ಲಿ ಹೇಳುವ ಮಾತಾ ಇದು? ಹೇಳಿದ ಮೇಲೆ ಹೊಟ್ಟೆಯೊಳಗೆ ಕಲಸಿತು. ಮನೆಯಲ್ಲಿ ಫೋನಿನ ಪಕ್ಕ ಕೂತ ಅಮ್ಮ ಕಣ್ಣಿಗೆ ಬಂದಳು. ಖೈಬರ್‌ನಲ್ಲಿದ್ದವರ ತಾಯಂದಿರೂ ಯಾವುದೋ ಬಾಗಿಲಲ್ಲಿ ಹೀಗೇ ಕೂತಿದ್ದರಲ್ವಾ?

ಒಂಬತ್ತೂಕಾಲಿಗೆ ಮಾಮ ಎದ್ದು ನಿಂತರು. ನನಗೆ ಏನೂ ಕಾಣಲಿಲ್ಲ. ಆಮೇಲೆ ಒಂದು ದೀಪ ಕಂಡಿತು. ಅದರ ಹಿಂದೆ, ಬಹಳ ಹಿಂದೆ, ಇನ್ನೊಂದು ಸಣ್ಣ ದೀಪ, ತೆರೆಗೆ ಏಳುತ್ತ ಬೀಳುತ್ತ.

"ಹಗ್ಗ ಉದ್ದ ಬಿಟ್ಟಿದ್ದಾನೆ" ಅಂದರು ಮಾಮ. ಅವರ ದನಿ ನಡುಗುತ್ತಿತ್ತು.

ಈಗ ತಮ್ಮ ಉಂಡು ಮಲಗಿದ್ದಾನೆ. ಅಮ್ಮ ಅವನ ಕೋಣೆಯ ಬಾಗಿಲಲ್ಲೇ ಚಾಪೆ ಹಾಕಿಕೊಂಡಿದ್ದಾಳೆ. ನಾಳೆ ಮಗ ಎದ್ದ ಮೇಲೆ ಮನೋರಾದ ವಿಷಯ ಹೇಳಬೇಕು. ಅರ್ಗಾದ ಬಾವಿಯದ್ದೂ, ಆ ಎರಡು ಬಂಡೆಗಳದ್ದೂ. ಮಾಮ ಇನ್ನೊಮ್ಮೆ ಬರೆದು ತೋರಿಸಿದರೆ ಈ ಸಲ ಕಾಗದದ ಮೇಲೆ ಇಳಿಸಿಕೊಳ್ಳಬೇಕು.